ನಾಲ್ಕನೇ ಮೆಷಿನ್ನಿನ ನೂರಾ ನಾಲ್ಕು ಸೆಕೆಂಡು

ಮೊದಲೇ ಹೇಳಿಬಿಡುತ್ತೇನೆ, ರೋಡ್ ರ‍್ಯಾಶ್ ಒಂದು ಆಟವೇ ಅಲ್ಲ. ಬೈಕಿನ ಮೇಲೆ ಕೂತು ಪಕ್ಕದವನಿಗೆ ಚೈನಿನಲ್ಲಿ ಬಾರಿಸಿಕೊಂಡು ಹೋಗುವುದಕ್ಕೆ ಕಂಪ್ಯೂಟರ್ ಯಾಕೆ ಬೇಕು? ನಮ್ಮ ಹುಣಸೂರಿನ ಹುಡುಗರಿಗೆ ಮಾತ್ರ ಅದೆಂದರೆ ಪ್ರಾಣ. ಎಷ್ಟು ಸಲ ಬಿದ್ದರೂ ಎದ್ದು, ಓಡಿಹೋಗಿ ಮತ್ತೆ ಬೈಕು ಹತ್ತುತ್ತಾರೆ. ಗುದ್ದಿದವನಿಗೂ ಗುದ್ದಿಸಿಕೊಂಡವನಿಗೂ ಏನೂ ಆಗುವುದಿಲ್ಲ. ಇಂಥದ್ದನ್ನು ದಿನಕ್ಕೆ ಎರಡು ಗಂಟೆ ಆಡಿ, ನಾನು ಎಕ್ಸ್‌ಪರ್ಟು ಅಂತ ಕಾಲರ್ ಎತ್ತಿಕೊಂಡು ಓಡಾಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಸಾಲಿಟೇರ್ ಇನ್ನೊಂದು ಮೋಸ. ಗೆಲ್ಲಲಾಗದ ಎಲೆಗಳನ್ನೇ ಹಂಚಿಬಿಟ್ಟು, ಇದು ಗೆಲ್ಲುವ ಆಟವಲ್ಲ ಅಂತ ಒಂದು ಮಾತೂ ಹೇಳದೆ ಸುಮ್ಮನೆ ನಿಮ್ಮ ಮುಖ ನೋಡುತ್ತಾ ಕೂತಿರುತ್ತದೆ. ಟೆಟ್ರಿಸ್ ಪ್ರಾಮಾಣಿಕ, ಒಪ್ಪುತ್ತೇನೆ. ಆದರೆ ಅದಕ್ಕೆ ಕೊನೆಯೇ ಇಲ್ಲ. ಎಷ್ಟು ಅಚ್ಚುಕಟ್ಟಾಗಿ ಜೋಡಿಸಿದರೂ ಇನ್ನಷ್ಟು ಬೀಳುತ್ತಲೇ ಇರುತ್ತದೆ, ಕೊನೆಗೆ ಸೋತೇ ಏಳಬೇಕು. ನಮ್ಮವ್ವನ ಅಡುಗೆಮನೆಯೂ ಹಾಗೇ ಇತ್ತು. ಅದನ್ನು ಆಡುವುದಕ್ಕೆ ನಾನು ಹನಗೋಡಿನ ಕಡೆಯಿಂದ ದಿನಾ ಬಸ್ಸಿನಲ್ಲಿ ನಿಂತುಕೊಂಡು ಬರಬೇಕಾಗಿರಲಿಲ್ಲ.

ನಾನು ಬರುತ್ತಿದ್ದದ್ದು ಮೈನ್‌ಸ್ವೀಪರಿಗೆ. ಗೊತ್ತಿಲ್ಲದವರಿಗೆ ಹೇಳಬೇಕೆಂದರೆ, ಅದೊಂದು ಬೂದು ಬಣ್ಣದ ಚೌಕಗಳ ಗದ್ದೆ. ಕೆಲವು ಚೌಕಗಳ ಕೆಳಗೆ ಬಾಂಬು ಇರುತ್ತದೆ. ಬಾಂಬಿಲ್ಲದ ಚೌಕ ಒತ್ತಿದರೆ ಒಂದು ಅಂಕಿ ಬರುತ್ತದೆ. ಸುತ್ತಲಿನ ಎಂಟು ಚೌಕಗಳಲ್ಲಿ ಎಷ್ಟು ಬಾಂಬಿದೆ ಅನ್ನುವುದನ್ನು ಆ ಅಂಕಿ ಹೇಳುತ್ತದೆ, ಅಷ್ಟೇ. ದೊಡ್ಡ ಆಟದಲ್ಲಿ ನಾನೂರ ಎಂಬತ್ತು ಚೌಕ, ತೊಂಬತ್ತೊಂಬತ್ತು ಬಾಂಬು. ಮೇಲೆ ಮೂಲೆಯಲ್ಲಿ ಸೆಕೆಂಡು ಓಡುತ್ತಿರುತ್ತದೆ. ಆ ಅಂಕಿಗಳು ಒಂದು ಸಲವೂ ಸುಳ್ಳು ಹೇಳುವುದಿಲ್ಲ. ಕುರ್ಚಿಯಲ್ಲಿ ಕೂತಿರುವುದು ಗಂಡೋ ಹೆಣ್ಣೋ, ಯಾವೂರಿನವರು, ಇಂಗ್ಲಿಷ್ ಬರುತ್ತದೋ ಇಲ್ಲವೋ ಕೇಳುವುದಿಲ್ಲ. ಮನೆಯಲ್ಲಿ ಹೊಗೆಸೊಪ್ಪು ಬೇಯಿಸಿ ಇಳಿಸಿದ ಮೇಲೆ ಬಣ್ಣ ನೋಡಿ ಎಲೆ ಬೇರೆ ಮಾಡಿ ಮಾಡಿ ನನ್ನ ಕಣ್ಣು ಪಳಗಿತ್ತು. ಒಂದು ಸಲ ಕಣ್ಣಾಡಿಸಿದರೆ ಎಲ್ಲಿ ಏನಿದೆ ತಿಳಿಯುತ್ತಿತ್ತು.

ಆ ಆಟಕ್ಕೂ ಒಂದು ಹುಳುಕಿದೆ. ಒಮ್ಮೊಮ್ಮೆ ಎಲ್ಲಾ ತೆಗೆದಾದ ಮೇಲೆ ಮೂಲೆಯಲ್ಲಿ ಎರಡು ಚೌಕ ಉಳಿಯುತ್ತವೆ. ಒಂದರಲ್ಲಿ ಬಾಂಬಿದೆ. ಯಾವುದರಲ್ಲಿ ಅಂತ ಹೇಳುವ ಅಂಕಿ ಇಡೀ ಗದ್ದೆಯಲ್ಲಿ ಎಲ್ಲೂ ಇರುವುದಿಲ್ಲ. ಕಣ್ಣು ಮುಚ್ಚಿ ಒಂದನ್ನು ಒತ್ತಬೇಕು. ನಾನೂರ ಎಪ್ಪತ್ತೆಂಟು ಚೌಕ ಬುದ್ಧಿಯಿಂದ ಆಡಿಸಿಕೊಂಡು ಬಂದು ಕೊನೆಯ ಎರಡರಲ್ಲಿ ಲಾಟರಿ ಹೊಡೆಸುವ ಆ ಪುಣ್ಯಾತ್ಮ ಯಾರೋ, ಅವನು ಎದುರಿಗೆ ಸಿಕ್ಕಿದ್ದರೆ ಮೌಸಿನ ವೈರಿನಲ್ಲೇ ಬಾರಿಸುತ್ತಿದ್ದೆ.

ಇದೆಲ್ಲ ನಡೆದದ್ದು 2001ರ ದಸರೆಯಲ್ಲಿ. ಬಸ್‌ಸ್ಟ್ಯಾಂಡಿನ ಹತ್ತಿರ ಗೊಬ್ಬರದ ಅಂಗಡಿಯ ಮಹಡಿಯಲ್ಲಿ ಕನಕರಾಜು ಅನ್ನುವವರು ಕಂಪ್ಯೂಟರ್ ಸೆಂಟರ್ ಇಟ್ಟಿದ್ದರು. ನಾಲ್ಕು ಮೆಷಿನ್ನು, ಹನ್ನೆರಡು ಪ್ಲಾಸ್ಟಿಕ್ ಕುರ್ಚಿ, ಒಂದು ಕರಿಹಲಗೆ. ನಾನು ಅಲ್ಲೇ ಡಿಪ್ಲೊಮಾ ಮುಗಿಸಿ ಅಲ್ಲೇ ಉಳಿದುಕೊಂಡಿದ್ದೆ. ಬೆಳಿಗ್ಗೆ ಕಸ ಗುಡಿಸುತ್ತಿದ್ದವಳು ನಾನು, ಮೌಸಿನ ಹೊಟ್ಟೆಯ ಗುಂಡು ತೆಗೆದು ಅಂಟಿದ ಕೊಳೆ ಉಗುರಿನಲ್ಲಿ ಕೆರೆಯುತ್ತಿದ್ದವಳು ನಾನು, ಸಾರ್ ಮೈಸೂರಿಗೆ ಹೋದ ದಿನ ಪಾಠ ಮಾಡುತ್ತಿದ್ದವಳೂ ನಾನು. ಆದರೆ ಟೀಚರ್ ಅಂತ ಹೇಳಿಸಿಕೊಳ್ಳುವ ಯೋಗ ಮಾತ್ರ ಇರಲಿಲ್ಲ. ವಿಜಯದಶಮಿಗೆ ಹೊಸ ಬ್ಯಾಚು ಶುರುವಾಗುವುದಿತ್ತು, ಅದಕ್ಕೊಬ್ಬ ಟೀಚರು ಬೇಕಾಗಿತ್ತು. ಆ ಕೆಲಸ ನನಗೆ ಸಿಗದಿದ್ದರೆ ಅಪ್ಪ ಹಬ್ಬದ ಮಾರನೇ ದಿನದಿಂದ ಬಸ್ಸು ಹತ್ತಬೇಡ ಅಂದಿದ್ದರು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಮುಂದಿನ ಜಗಲಿಯಲ್ಲಿ ಎಲೆ ಬೇರೆ ಮಾಡುತ್ತಾ ಕೂರಬೇಕು, ಅಷ್ಟೇ.

ಪೈಪೋಟಿಗೆ ಇದ್ದವನು ಸುರೇಶ, ಪಿರಿಯಾಪಟ್ಟಣದವನು. ನನ್ನ ಜೊತೆಗೇ ಕಲಿತವನು. ಕೆಟ್ಟವನೇನಲ್ಲ, ಆದರೆ ಬಾಯಿ ಜಾಸ್ತಿ. ಮೈನ್‌ಸ್ವೀಪರನ್ನೂ ಬಿಡದೆ ಆಡುತ್ತಿದ್ದ. ನಾಲ್ಕನೇ ಮೆಷಿನ್ನಿನಲ್ಲಿ ದೊಡ್ಡ ಆಟದ ಅತಿ ಕಡಿಮೆ ಸಮಯ ನೂರಾ ಹದಿನೆಂಟು ಸೆಕೆಂಡು, ಅದರ ಪಕ್ಕದಲ್ಲಿ ಅವನ ಹೆಸರು. ಸಣ್ಣದು, ಮಧ್ಯಮ, ದೊಡ್ಡದು ಅಂತ ಮೂರು ಆಟಕ್ಕೆ ಮೂರು ಸಾಲಿನ ಪಟ್ಟಿ ಅದು, ಮೇಲಿನ ಎರಡು ಸಾಲಿನಲ್ಲಿ ನನ್ನ ಹೆಸರೇ ಇತ್ತು. ಬಂದವರಿಗೆಲ್ಲ ಆ ಪಟ್ಟಿ ತೆಗೆದು ತೋರಿಸುವುದೇ ಅವನಿಗೊಂದು ಕೆಲಸವಾಗಿತ್ತು.

ಕನಕರಾಜು ಸಾರ್ ಯಾರಿಗೂ ಮುಖ ಮುರಿಯದ ಮನುಷ್ಯ. ಅಂಥವರನ್ನು ಜನ ಒಳ್ಳೆಯವರು ಅನ್ನುತ್ತಾರೆ. ನನ್ನ ಕೇಳಿದರೆ ಅದು ಪುಕ್ಕಲುತನ. ಹೆಣ್ಣುಮಗಳು ಪಾಠ ಮಾಡಿದರೆ ದೊಡ್ಡ ಹುಡುಗರು ಕೇಳುತ್ತಾರೋ ಇಲ್ಲವೋ ಅನ್ನುವ ಅನುಮಾನ ಅವರಿಗಿತ್ತು. ಅದನ್ನು ನನ್ನ ಮುಖಕ್ಕೆ ಹೇಳುವ ಧೈರ್ಯ ಇರಲಿಲ್ಲ. ಒಂದು ದಿನ ಎಲ್ಲರ ಮುಂದೆ ನಗುನಗುತ್ತಾ, ನೀವಿಬ್ಬರೂ ದಿನಾ ಆ ಬಾಂಬಿನ ಆಟಕ್ಕೆ ಕಿತ್ತಾಡ್ತೀರಲ್ಲ, ಆಯುಧಪೂಜೆ ಹೊತ್ತಿಗೆ ನಾಲ್ಕನೇ ಮೆಷಿನ್ನಲ್ಲಿ ದೊಡ್ಡ ಆಟಕ್ಕೆ ಯಾರ ಹೆಸರು ಇರುತ್ತೋ ಅವರೇ ಹೊಸ ಬ್ಯಾಚಿನ ಟೀಚರ್ ಅಂದುಬಿಟ್ಟರು. ಸುರೇಶನ ಹೆಸರೇ ಇರುತ್ತದೆ, ತಮ್ಮ ಬಾಯಿಂದ ನನಗೆ ಇಲ್ಲ ಅನ್ನುವ ಕಷ್ಟ ತಪ್ಪುತ್ತದೆ ಅನ್ನುವುದು ಅವರ ಲೆಕ್ಕ. ಎರಡು ವರ್ಷ ನಾನು ಮಾಡಿದ ಪಾಠಕ್ಕೆ ಬೆಲೆ ಇಲ್ಲ, ಆಟಕ್ಕೆ ಇದೆ. ಸಿಟ್ಟು ಬಂದಿತು. ಆದರೂ ಸರಿ ಅಂದೆ. ಯಾಕೆಂದರೆ ಆ ಮೆಷಿನ್ನಿಗೆ ನಾನು ಯಾರು ಅನ್ನುವುದು ಬೇಕಾಗಿರಲಿಲ್ಲ.

ಆಯುಧಪೂಜೆಯ ಹಿಂದಿನ ದಿನ ಬೆಳಿಗ್ಗೆ ಹತ್ತೂವರೆಗೆ ನಾನು ನೂರಾ ನಾಲ್ಕು ಸೆಕೆಂಡಿನಲ್ಲಿ ಮುಗಿಸಿದೆ. ಒಂದೇ ಒಂದು ಕಡೆಯೂ ಊಹೆ ಮಾಡಲಿಲ್ಲ. ಪ್ರತಿಯೊಂದು ಚೌಕವನ್ನೂ ಅಂಕಿ ನೋಡಿಯೇ ಒತ್ತಿದೆ, ಪ್ರತಿಯೊಂದಕ್ಕೂ ಈಗಲೂ ಕಾರಣ ಕೊಡಬಲ್ಲೆ. ಹೆಸರು ಕೇಳಿತು, ಪ್ರಮೀಳಾ ಅಂತ ಬರೆದೆ. ಖುಷಿಗೆ ಎದ್ದು ನಿಂತುಬಿಟ್ಟೆ. ನೋಡುವುದಕ್ಕೆ ಯಾರೂ ಇರಲಿಲ್ಲ. ಸುರೇಶ ಹಬ್ಬಕ್ಕೆ ಊರಿಗೆ ಹೋಗಿದ್ದ, ಸಾರ್ ಬೂದುಗುಂಬಳಕಾಯಿ ತರುವುದಕ್ಕೆ ಸಂತೆ ಕಡೆ ಹೋಗಿದ್ದರು. ಬಾಗಿಲ ಹತ್ತಿರ ಸಾರ್ ಅವರ ಅಪ್ಪ ಕುಳ್ಳಯ್ಯ ಮಾತ್ರ ಕೂತು, ಒದ್ದೆ ಬಟ್ಟೆಯಲ್ಲಿ ಒಂದೊಂದೇ ಕೀಬೋರ್ಡು ಒರೆಸುತ್ತಿದ್ದರು. ಸಾರ್ ಬಂದ ಕೂಡಲೇ ತೋರಿಸೋಣ ಅಂತ ಆ ಪಟ್ಟಿಯನ್ನು ಪರದೆಯ ಮೇಲೆ ತೆಗೆದಿಟ್ಟು, ಮಾವಿನಸೊಪ್ಪು ಮತ್ತು ಚೆಂಡುಹೂವು ತರುವುದಕ್ಕೆ ಮಾರ್ಕೆಟ್ಟಿಗೆ ಹೋದೆ.

ಕುಳ್ಳಯ್ಯನ ವಿಷಯ ಹೇಳಬೇಕು. ಮೂವತ್ತು ವರ್ಷ ಹೊಗೆಸೊಪ್ಪಿನ ಗೋಡೌನಿನಲ್ಲಿ ತೂಕದ ಆಳಾಗಿದ್ದವರು. ಮೊದಲು ಕಲ್ಲಿನ ತಕ್ಕಡಿ, ಕೊನೆಕೊನೆಗೆ ಕೆಂಪು ಅಂಕಿ ಹತ್ತುವ ಕರೆಂಟಿನ ತಕ್ಕಡಿ. ಇಂಗ್ಲಿಷ್ ಅಕ್ಷರ ಒಂದೂ ಬರದು, ಅಂಕಿ ಮಾತ್ರ ಬರುತ್ತಿತ್ತು. ಮನೆಯಲ್ಲಿ ಕೂತು ಬೇಜಾರು ಅಂತ ದಿನಾ ಸೆಂಟರಿಗೆ ಬಂದು ಬಾಗಿಲಲ್ಲಿ ಕೂರುತ್ತಿದ್ದರು. ಗೋಡೌನಿನಲ್ಲಿ ಅವರದೊಂದು ಪದ್ಧತಿ ಇತ್ತಂತೆ. ಆಯುಧಪೂಜೆಯ ಹಿಂದಿನ ದಿನ ತಕ್ಕಡಿ ತೊಳೆದು, ಒರೆಸಿ, ಅಂಕಿಯನ್ನೆಲ್ಲ ಅಳಿಸಿ ಖಾಲಿ ನಿಲ್ಲಿಸಬೇಕು. ಯಾರದೋ ತೂಕ ಮೇಲೆ ನಿಂತಿರುವಾಗ ಅದಕ್ಕೆ ಕುಂಕುಮ ಇಟ್ಟರೆ ಆ ವರ್ಷವೆಲ್ಲ ತೂಕ ತಪ್ಪುತ್ತದೆ ಅಂತ ನಂಬಿಕೆ.

ನಾನು ಹೂವು ಹಿಡಿದುಕೊಂಡು ಬಂದಾಗ ನಾಲ್ಕನೇ ಮೆಷಿನ್ನಿನ ಪರದೆಯಲ್ಲಿ ಮೂರು ಸಾಲಿನಲ್ಲೂ ಒಂಬೈನೂರ ತೊಂಬತ್ತೊಂಬತ್ತು ಅಂತ ಇತ್ತು. ನನ್ನ ಹೆಸರಿದ್ದ ಕಡೆ ಹೆಸರಿಲ್ಲದವರು ಅನ್ನುವ ಅರ್ಥದ ಒಂದು ಇಂಗ್ಲಿಷ್ ಪದ. ಆ ಪಟ್ಟಿಯ ಕೆಳಗೆ ಎರಡು ಗುಂಡಿ ಇರುತ್ತವೆ. ಒಂದು ಸರಿ ಅನ್ನುವುದಕ್ಕೆ, ಇನ್ನೊಂದು ಎಲ್ಲವನ್ನೂ ಅಳಿಸುವುದಕ್ಕೆ. ಅಳಿಸಲೇ ಅಂತ ಇನ್ನೊಂದು ಸಲ ಕೇಳುವ ಸೌಜನ್ಯವೂ ಆ ಆಟಕ್ಕಿಲ್ಲ. ಒತ್ತಿದರೆ ಮುಗಿಯಿತು.

ಹೂವಿನ ಕವರು ಅಲ್ಲೇ ಬಿಸಾಕಿದೆ. ಇದನ್ನು ಯಾರು ಮುಟ್ಟಿದ್ದು ಅಂತ ಕಿರುಚಿದೆ. ಕುಳ್ಳಯ್ಯ ಗಾಬರಿಯಾಗಲಿಲ್ಲ, ಒರೆಸುತ್ತಿದ್ದ ಕೀಬೋರ್ಡನ್ನು ತೊಡೆಯ ಮೇಲಿಂದ ಇಳಿಸಿದರು.

"ಅದ್ರ ಮ್ಯಾಲೆ ಯಾರ್ದೋ ಅಂಕಿ ನಿಂತಿತ್ತು ಕಣವ್ವ. ತೂಕ ನಿಲ್ಲುಸ್ಕಂಡು ಪೂಜೆ ಮಾಡ್ಬಾರ್ದು. ಅದುಕ್ಕೆ ಗುಂಡಿ ಒತ್ತಿ ಎಲ್ಲಾನೂ ಒಂದೇ ಸಮ ಮಾಡ್ದೆ. ಸೊನ್ನೆ ಬರ್ಲಿಲ್ಲ, ಒಂಬತ್ತು ಬಂತು. ಎಲ್ಲಾ ಒಂದೇ ಆಯ್ತಲ್ಲ ಅಂತ ಸುಮ್ಕಾದೆ."

ನನ್ನ ಬಾಯಿಗೆ ಬಂದದ್ದೆಲ್ಲ ಅಂದೆ. ಇದು ನಿಮ್ಮ ಹೊಗೆಸೊಪ್ಪಿನ ತಕ್ಕಡಿಯಲ್ಲ ಅಂದೆ. ಓದು ಬರದಿದ್ದರೆ ಕೈ ಮಡಚಿಕೊಂಡು ಕೂತಿರಬೇಕು ಅಂದೆ. ವಯಸ್ಸಾದವರಿಗೆ ಹಾಗೆಲ್ಲ ಅನ್ನಬಾರದು, ಗೊತ್ತು. ಅವರು ಏನೋ ಹೇಳುವುದಕ್ಕೆ ಎರಡು ಸಲ ಬಾಯಿ ತೆರೆದರು, ನಾನು ಬಿಡಲಿಲ್ಲ. ಕೊನೆಗೆ ಅವರು ಒದ್ದೆ ಬಟ್ಟೆ ಹಿಂಡಿ ಕಿಟಕಿಗೆ ಹಾಕಿ ಕೆಳಗಿಳಿದು ಹೋದರು.

ಆಗ ಕನಕರಾಜು ಸಾರ್ ಕುಂಬಳಕಾಯಿ ಹೊತ್ತುಕೊಂಡು ಬಂದರು. ಎಲ್ಲ ಹೇಳಿದೆ. ಅವರ ಮುಖ ನೋಡಿದರೆ ಪಾಪ ಅನ್ನಿಸುವ ಹಾಗಿತ್ತು, ಬಾಯಿಂದ ಬಂದದ್ದು ಮಾತ್ರ ಸಾಕ್ಷಿ ಏನಿದೆ ಅನ್ನುವ ಮಾತು. ಸುಳ್ಳು ಹೇಳುತ್ತೀಯ ಅಂತ ತಾವು ಹೇಳುತ್ತಿಲ್ಲ, ಆದರೆ ಸುರೇಶ ಒಪ್ಪಬೇಕಲ್ಲ ಅಂದರು. ಈಗಲೇ ಕೂತು ಮತ್ತೆ ಆಡಿ ತೋರಿಸುತ್ತೇನೆ ಅಂದೆ. ಅಪ್ಪ ಆಗಲೇ ಎಲ್ಲ ಒರೆಸಿ ಪೂಜೆಗೆ ಅಣಿ ಮಾಡಿಯಾಗಿದೆ, ಇನ್ನು ವಿಜಯದಶಮಿಯವರೆಗೂ ಮುಟ್ಟುವ ಹಾಗಿಲ್ಲ ಅಂದರು. ಮಾರನೇ ದಿನ ಅರಿಶಿನ, ಕುಂಕುಮ, ಹೂವು ಹಾಕಿಕೊಂಡು ನಾಲ್ಕೂ ಮೆಷಿನ್ನು ಆರಾಮವಾಗಿ ರಜಾ ತೆಗೆದುಕೊಂಡವು. ನಾನು ಮನೆಯಲ್ಲಿ ಎಲೆ ಬೇರೆ ಮಾಡುತ್ತಾ ಕೂತೆ. ಅವ್ವ ಎರಡು ಸಲ ಬೈದಳು, ಒಳ್ಳೆಯ ಎಲೆಗಳ ಜೊತೆಗೆ ಕರಕಲನ್ನೂ ಸೇರಿಸಿ ಕಟ್ಟಿದ್ದೆ.

ವಿಜಯದಶಮಿಯ ಬೆಳಿಗ್ಗೆ ಸೆಂಟರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೊಸ ಬ್ಯಾಚಿಗೆ ಸೇರುವವರು, ಅವರ ಅಪ್ಪಂದಿರು, ಕೆಳಗಿನ ಗೊಬ್ಬರದಂಗಡಿಯ ಬೆಟ್ಟಸ್ವಾಮಿ, ಎಲ್ಲರೂ ಪೂಜೆಯ ಕಡ್ಲೆಪುರಿ ತಿನ್ನುತ್ತಾ ನಿಂತಿದ್ದರು. ಸುರೇಶ ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಂದ. ನನ್ನ ನೂರಾ ನಾಲ್ಕರ ಕಥೆ ಆಗಲೇ ಅವನ ಕಿವಿಗೆ ಬಿದ್ದಿತ್ತು.

"ನೂರಾ ನಾಕು ಅಂತೆ. ತೊಂಬತ್ತು ಅಂತ್ಲೇ ಹೇಳ್ಬುಡ್ಬೇಕಿತ್ತು ಕಣೆ, ಹೆಂಗೂ ಅಳ್ಸೋಗದೆ" ಅಂದ.

ಎಲ್ಲರೂ ನಕ್ಕರು. ಸಾರ್ ಕೂಡ ನಕ್ಕರು. ಇಬ್ಬರೂ ಎಲ್ಲರ ಮುಂದೆ ಮೂರು ಮೂರು ಆಟ ಆಡಲಿ, ಯಾರದು ಕಡಿಮೆಯೋ ಅವರೇ ಟೀಚರು ಅನ್ನುವ ತೀರ್ಮಾನವಾಯಿತು. ಕುಳ್ಳಯ್ಯ ಬಾಗಿಲ ಹತ್ತಿರ ತಮ್ಮ ಜಾಗದಲ್ಲೇ ಇದ್ದರು. ಅವರ ಕಡೆ ನಾನು ತಿರುಗಿಯೂ ನೋಡಲಿಲ್ಲ.

ಸುರೇಶ ಮೊದಲು ಕೂತ. ಎರಡು ಸಲ ಬಾಂಬಿಗೆ ಸಿಕ್ಕಿಬಿದ್ದ, ಮೂರನೆಯ ಸಲ ನೂರಾ ಇಪ್ಪತ್ತಾರಕ್ಕೆ ಮುಗಿಸಿದ. ಚೆನ್ನಾಗಿಯೇ ಆಡಿದ, ಅದನ್ನು ನಾನು ಇಲ್ಲ ಅನ್ನುವುದಿಲ್ಲ. ನಂತರ ನಾನು. ಮೊದಲನೆಯ ಆಟ ಹತ್ತು ಸೆಕೆಂಡಿಗೇ ಹೋಯಿತು. ಎರಡನೆಯದರಲ್ಲಿ ಎದುರಿಗೇ ಇದ್ದ ಮೂರನ್ನು ಎರಡು ಅಂತ ಓದಿಕೊಂಡು ಒತ್ತಿದೆ. ಎರಡು ವರ್ಷದಲ್ಲಿ ಅಂಥ ತಪ್ಪು ಮಾಡಿರಲಿಲ್ಲ. ಆ ನಗು ಇನ್ನೂ ಕಿವಿಯಲ್ಲಿತ್ತು. ಹಿಂದಿನಿಂದ ಯಾರೋ, ಪಾಪ, ಹೆಣ್ಣುಮಗು, ಬುಟ್ಬುಡಿ ಅಂದರು. ಆ ಪಾಪ ಅನ್ನುವ ಮಾತು ಕೇಳಿ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡೆ.

ಮೂರನೆಯ ಆಟದಲ್ಲಿ ನಾನು ಯಾರನ್ನೂ ಕೇಳಿಸಿಕೊಳ್ಳಲಿಲ್ಲ. ಎಡಗಡೆಯಿಂದ ಬಿಡಿಸಿಕೊಂಡು ಬಂದೆ. ಮಧ್ಯದಲ್ಲಿ ಕಗ್ಗಂಟಾಗಿದ್ದ ಕಡೆ ಬಿಟ್ಟು ಕೆಳಗಿನಿಂದ ಸುತ್ತಿಕೊಂಡು ಹೋಗಿ, ಮೌಸಿನ ಎರಡೂ ಗುಂಡಿ ಒಟ್ಟಿಗೆ ಒತ್ತಿ ಒತ್ತಿ ತೆರೆದೆ. ತೊಂಬತ್ತಮೂರನೇ ಸೆಕೆಂಡಿಗೆ ಇಡೀ ಗದ್ದೆ ಬಿಡಿಸಿಯಾಗಿತ್ತು, ಬಲಗಡೆಯ ಮೇಲಿನ ಮೂಲೆಯೊಂದನ್ನು ಬಿಟ್ಟು. ಅಲ್ಲಿ ಎರಡು ಚೌಕ ಉಳಿದಿದ್ದವು. ಬಾಂಬು ಒಂದೇ ಬಾಕಿ. ಪಕ್ಕದ ಅಂಕಿಗಳನ್ನು ನೋಡಿದೆ. ಅವು ಇದರಲ್ಲಿದ್ದರೂ ಸರಿ, ಅದರಲ್ಲಿದ್ದರೂ ಸರಿ ಅನ್ನುತ್ತಿದ್ದವು.

ನಾನು ಮೌಸಿನಿಂದ ಕೈ ತೆಗೆದೆ.

ಯಾಕೆ ನಿಲ್ಲಿಸಿದೆ ಅಂತ ಸಾರ್ ಕೇಳಿದರು. ಇದರಲ್ಲಿ ಹೇಳೋಕೆ ಬರಲ್ಲ ಸಾರ್, ಇನ್ನು ಉಳಿದಿರೋದು ಆಟ ಅಲ್ಲ, ಬರೀ ಊಹೆ, ಇದನ್ನು ಲೆಕ್ಕಕ್ಕೆ ಹಿಡೀಬೇಡಿ ಅಂದೆ. ಅವರಿಗೆ ಅರ್ಥವಾಗಲಿಲ್ಲ. ಸುರೇಶನಿಗೆ ಚೆನ್ನಾಗಿ ಅರ್ಥವಾಗಿತ್ತು, ಅವನು ಬಾಯಿ ಬಿಡಲಿಲ್ಲ. ಸೆಕೆಂಡು ಓಡುತ್ತಿತ್ತು. ಜನಕ್ಕೆ ಉತ್ಸಾಹ ಬಂದಿತು. ಆಟದ ತಲೆಬುಡ ಗೊತ್ತಿಲ್ಲದ ಬೆಟ್ಟಸ್ವಾಮಿ ಮೇಲಿಂದು ಒತ್ತವ್ವ ಅಂದರು. ಇನ್ಯಾರೋ ಕೆಳಗಿಂದು ಅಂದರು. ಒಬ್ಬರು ದೇವರನ್ನು ನೆನೆದು ಒತ್ತು ಅಂದರು. ಅಷ್ಟು ಹೊತ್ತು ನಾನು ಬಿಡಿಸಿದ್ದನ್ನು ನೋಡುತ್ತಾ ಪುರಿ ತಿನ್ನುತ್ತಿದ್ದ ಜನ, ಈಗ ಕುತ್ತಿಗೆ ಚಾಚಿಕೊಂಡು ನಿಂತಿದ್ದರು. ನನಗೆ ಅಲ್ಲಿಂದ ಎದ್ದು ಹೋಗಬೇಕು ಅನ್ನಿಸಿತು. ಆದರೆ ಎದ್ದು ಹೋದರೆ ನಾಳೆ ಜಗಲಿ, ಮುಂದಿನ ವರ್ಷವೂ ಜಗಲಿ. ನೂರಾ ಹನ್ನೊಂದು ಆಯಿತು. ಹಲ್ಲು ಕಚ್ಚಿಕೊಂಡು ಕೆಳಗಿನದನ್ನು ಒತ್ತಿದೆ.

ತೆರೆದುಕೊಂಡಿತು. ಪರದೆಯ ಮೇಲ್ಗಡೆಯ ಪುಟ್ಟ ಹಳದಿ ಮುಖ, ಗೆದ್ದಾಗ ಮಾಡುವ ಹಾಗೆ, ಕಪ್ಪು ಕನ್ನಡಕ ಹಾಕಿಕೊಂಡು ನಕ್ಕಿತು. ನೂರಾ ಹನ್ನೆರಡು.

ಚಪ್ಪಾಳೆಯೋ ಚಪ್ಪಾಳೆ. ಕೆಳಗಿಂದು ಅಂದಿದ್ದು ತಾನೇ ಅಂತ ಒಬ್ಬರು ಎಲ್ಲರಿಗೂ ಹೇಳುತ್ತಿದ್ದರು. ಕನಕರಾಜು ಸಾರ್ ಹಣೆ ಒರೆಸಿಕೊಂಡು ನನ್ನ ತಲೆಯ ಮೇಲೆ ಕೈಯಿಟ್ಟರು.

"ನಿಂಗೆ ಅದೃಷ್ಟ ಐತೆ ಕಣಮ್ಮ. ನಾಳೆಯಿಂದ ನೀನೇ ಟೀಚರು."

ಅದೃಷ್ಟ. ಎರಡು ವರ್ಷ ಕಣ್ಣು ಕೆಂಪಾಗುವ ಹಾಗೆ ಕಲಿತದ್ದಕ್ಕೆ, ಅವರ ಬದಲಿಗೆ ನಿಂತು ಪಾಠ ಮಾಡಿದ್ದಕ್ಕೆ ಸಿಗದ ಕೆಲಸ ಒಂದು ಕುರುಡು ಒತ್ತಿಗೆ ಸಿಕ್ಕಿತು. ಬಾಂಬು ಕೆಳಗಿನ ಚೌಕದಲ್ಲಿ ಇದ್ದಿದ್ದರೆ ಇದೇ ಜನ ಇದೇ ಬಾಯಲ್ಲಿ ಪಾಪ ಅನ್ನುತ್ತಿದ್ದರು, ನಾನೂ ಅದೇ ಹುಡುಗಿಯೇ ಆಗಿರುತ್ತಿದ್ದೆ. ಪರದೆಯಲ್ಲಿ ಹೆಸರು ಬರೆಯಲು ಕೇಳಿತು. ಬರೆಯಮ್ಮ, ಎಲ್ಲರೂ ನೋಡಲಿ ಅಂದರು ಸಾರ್. ನಾನು ಬರೆಯಲಿಲ್ಲ. ಹೆಸರಿಲ್ಲದವರು ಅನ್ನುವ ಆ ಪದವನ್ನೇ ಹಾಗೇ ಬಿಟ್ಟು ಎದ್ದೆ. ಸಂಕೋಚದ ಹುಡುಗಿ ಅಂತ ಯಾರೋ ಅಂದರು.

ಜನ ಕರಗಿದ ಮೇಲೆ ಪುರಿಯ ಕಸ ಗುಡಿಸುವುದು ಮತ್ತೆ ನನ್ನ ಪಾಲಿಗೇ ಬಂತು. ಟೀಚರಾದರೇನಂತೆ. ಬಾಗಿಲ ಹತ್ತಿರ ಗುಡಿಸುವಾಗ ಕುಳ್ಳಯ್ಯ ಕಾಲು ಎತ್ತಿಕೊಂಡರು. ಅವರೇ ಮೆಲ್ಲಗೆ ಶುರುಮಾಡಿದರು.

"ಇವತ್ತಿಂದು ಅಷ್ಟು ಚೆನ್ನಾಗಿರ್ಲಿಲ್ಲ ಕಣವ್ವ. ಮೊನ್ನೆದೇ ಸರಿಯಾಗಿತ್ತು. ಮೇಲಿನ ಸಾಲಲ್ಲಿ ಎಂಟು, ಮಧ್ಯದಲ್ಲಿ ನಲವತ್ತೊಂದು, ಕೆಳಗೆ ನೂರಾ ನಾಕು. ಮೂರೂ ಸಾಲಲ್ಲಿ ಪಕ್ಕದ ಹೆಸ್ರು ಒಂದೇ ತರ ಇತ್ತು."

ಪೊರಕೆ ಹಿಡಿದುಕೊಂಡೇ ನಿಂತೆ. ಮೂರೂ ನನ್ನವೇ. ಎಂಟು, ನಲವತ್ತೊಂದು, ನೂರಾ ನಾಲ್ಕು. ಮೂರೂ ಒಟ್ಟಿಗೆ ಇದ್ದದ್ದನ್ನು ನನ್ನ ಬಿಟ್ಟರೆ ಕಂಡವರು ಇವರೊಬ್ಬರೇ. ಗೋಡೌನಿನಲ್ಲಿ ಇವರು ಬಾಯಲ್ಲಿ ಹೇಳಿದ ತೂಕಕ್ಕೆ ಸಾಹುಕಾರರೂ ಚೀಟಿ ಕೇಳುತ್ತಿರಲಿಲ್ಲವಂತೆ. ಮಗ ಅಂತೂ ಇವರ ಮಾತಿಗೆ ಎದುರಾಡಿದ್ದನ್ನು ನಾನು ಕಂಡೇ ಇಲ್ಲ. ಇವರು ಒಂದು ಮಾತು ಹೇಳಿದ್ದರೆ ಸುರೇಶನ ಬಾಯಿ ಅಲ್ಲೇ ಮುಚ್ಚುತ್ತಿತ್ತು, ಆ ಎರಡು ಚೌಕದ ಮುಂದೆ ಕೂರುವ ಗತಿಯೇ ನನಗೆ ಬರುತ್ತಿರಲಿಲ್ಲ. ಮೊನ್ನೆಯ ಸಿಟ್ಟೆಲ್ಲ ಒಂದೇ ಸಲಕ್ಕೆ ನೆತ್ತಿಗೇರಿತು.

"ಗೊತ್ತಿದ್ಮೇಲೆ ಯಾಕ್ ತಾತ ಹೇಳ್ಲಿಲ್ಲ ನೀವು?"

ಅವರು ನನ್ನನ್ನೇ ನೋಡಿದರು. ಬೈಸಿಕೊಂಡ ಬೇಜಾರು ಮುಖದಲ್ಲಿ ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು.

"ಹೇಳಕ್ಕೆ ಬಂದ್ನಲ್ಲವ್ವ, ಎರಡು ಸಲ. ನೀನು ಓದು ಬರ್ದೋನು ಸುಮ್ಕಿರು ಅಂದೆ. ಸರಿ, ಓದಿರೋ ಹುಡ್ಗಿ, ನಂಗಿಂತ ಚೆನ್ನಾಗಿ ಗೊತ್ತಿರ್ತದೆ ಅಂತ ಸುಮ್ಕಾದೆ."

ಹೊರಗೆ ಮಡಿಕೇರಿ ಬಸ್ಸಿಗೆ ಹತ್ತಿ ಅಂತ ಕಂಡಕ್ಟರ್ ಕೂಗುತ್ತಿದ್ದ. ಅವರ ಕಾಲ ಕೆಳಗೆ ಇನ್ನೂ ಒಂದಿಷ್ಟು ಪುರಿ ಬಿದ್ದಿತ್ತು. ನನಗೆ ಬಗ್ಗುವುದಕ್ಕೆ ಆಗಲಿಲ್ಲ. ನನ್ನ ಮೇಲೆ ನನಗೆ ಅಷ್ಟು ಕೋಪ ಬಂದದ್ದು ಅದಕ್ಕೆ ಮೊದಲೂ ಇಲ್ಲ, ಆಮೇಲೂ ಇಲ್ಲ.